ಬುದ್ಧಿ ಹಲ್ಲು: ನಾನು ಕಣ್ಣಾರೆ ಕಂಡು ಕಲಿತ ಪಾಠ



ಹಲ್ಲಿನ ವಿಷಯ ನಮಗೆಲ್ಲ ವಿಜ್ಞಾನ ಪಾಠದಲ್ಲಿ ಬಂದಿದೆ. ಹಾಲು ಹಲ್ಲು 20, ಶಾಶ್ವತ ಹಲ್ಲು 32 ಎಂದು ನಾವೆಲ್ಲ ಬಾಯಿಪಾಠ ಒಪ್ಪಿಸುತ್ತೇವೆ. ಆದರೆ ಕನ್ನಡಿ ಹಿಡಿದುಕೊಂಡು ಯಾರಾದರೂ ಎಣಿಸಿದ್ದೀರಾ? ನಮ್ಮ ತರಗತಿಯಲ್ಲಿ ಯಾರ ಬಾಯಲ್ಲೂ 32 ಇಲ್ಲ. ಹೆಚ್ಚೆಂದರೆ 28 ಸಿಗುತ್ತವೆ. ಹಾಗಾದರೆ ಉಳಿದ 4 ಹಲ್ಲು ಎಲ್ಲಿ? ಈ ಲೇಖನ ಆ ನಾಲ್ಕು ಹಲ್ಲಿನ ಬಗ್ಗೆಯೇ. ಅವುಗಳಲ್ಲಿ ಒಂದೇ ಒಂದು ಹಲ್ಲು ನಮ್ಮ ಮನೆಯವರನ್ನೆಲ್ಲ ಎರಡು ವಾರ ನಿದ್ದೆ ಇಲ್ಲದಂತೆ ಮಾಡಿತು. ಹಾಗಾಗಿ ಇದು ಪುಸ್ತಕ ಓದಿ ಬರೆದದ್ದು ಮಾತ್ರ ಅಲ್ಲ, ನೋಡಿ ಬರೆದದ್ದು.

ಹಲ್ಲುಗಳ ಲೆಕ್ಕ

ಮೊದಲು ಲೆಕ್ಕ ಸರಿಯಾಗಿ ತಿಳಿಯೋಣ. ದೊಡ್ಡವರ ಬಾಯಲ್ಲಿ ಕಚ್ಚುವುದಕ್ಕೆ 8 ಬಾಚಿ ಹಲ್ಲು, ಹರಿಯುವುದಕ್ಕೆ 4 ಕೋರೆ ಹಲ್ಲು, ಜಗಿಯುವುದಕ್ಕೆ 8 ಮುಂದವಡೆ ಹಲ್ಲು, ಅರೆಯುವುದಕ್ಕೆ 12 ಹಿಂದವಡೆ ಹಲ್ಲು ಇರುತ್ತವೆ. ಒಟ್ಟು 32. ಈ 12 ಹಿಂದವಡೆ ಹಲ್ಲು ಒಟ್ಟಿಗೇ ಬರುವುದಿಲ್ಲ. ಮೊದಲ ನಾಲ್ಕು ಸುಮಾರು 6 ವರ್ಷಕ್ಕೆ ಬರುತ್ತವೆ. ಎರಡನೇ ನಾಲ್ಕು ಸುಮಾರು 12 ವರ್ಷಕ್ಕೆ, ಅಂದರೆ ನಮ್ಮ ವಯಸ್ಸಿಗೆ ಬರುತ್ತವೆ. ಕೊನೆಯ ನಾಲ್ಕು 17ರಿಂದ 25 ವರ್ಷದೊಳಗೆ ಬರುತ್ತವೆ. ಇವೇ ಬುದ್ಧಿ ಹಲ್ಲುಗಳು. ಕೆಲವರಿಗೆ ನಾಲ್ಕೂ ಬರುತ್ತವೆ, ಕೆಲವರಿಗೆ ಎರಡೇ ಬರುತ್ತವೆ, ಕೆಲವರಿಗೆ ಹುಟ್ಟುವುದೇ ಇಲ್ಲ. ಬರದಿದ್ದರೆ ಬುದ್ಧಿ ಇಲ್ಲ ಎಂದು ಯಾರೂ ತಮಾಷೆ ಮಾಡಬಾರದು. ಬುದ್ಧಿಗೂ ಈ ಹಲ್ಲಿಗೂ ಸಂಬಂಧವೇ ಇಲ್ಲ. ಬುದ್ಧಿ ತಿಳಿಯುವ ವಯಸ್ಸಿಗೆ ಬರುತ್ತವೆ ಎಂದು ಆ ಹೆಸರು, ಅಷ್ಟೇ.

ಹಿಂದಿಯಲ್ಲಿ ಇದಕ್ಕೆ ಅಕಲ್ ದಾಢ್ ಅನ್ನುತ್ತಾರೆ. ಅಕಲ್ ಅಂದರೂ ಬುದ್ಧಿಯೇ. ಟರ್ಕಿ ದೇಶದವರು ಇಪ್ಪತ್ತು ವರ್ಷದ ಹಲ್ಲು ಅನ್ನುತ್ತಾರಂತೆ. ಜಪಾನಿನವರ ಹೆಸರಿನ ಅರ್ಥ ಇನ್ನೂ ಚೆನ್ನಾಗಿದೆ: ತಂದೆತಾಯಿಗೆ ಗೊತ್ತಿಲ್ಲದ ಹಲ್ಲು! ಮಗ ದೊಡ್ಡವನಾದ ಮೇಲೆ ಬರುವ ಹಲ್ಲನ್ನು ಅಪ್ಪ ಅಮ್ಮ ನೋಡುವುದಿಲ್ಲವಲ್ಲ, ಅದಕ್ಕೆ.

ಜಾಗ ಏಕೆ ಸಾಲುವುದಿಲ್ಲ?

ಬಹಳ ಬಹಳ ಹಿಂದೆ ಮನುಷ್ಯರು ಹಸಿ ಮಾಂಸ, ಗೆಡ್ಡೆ, ಗಟ್ಟಿ ಬೀಜ ಜಗಿದು ತಿನ್ನುತ್ತಿದ್ದರು. ಆಗ ಅವರ ದವಡೆ ಉದ್ದವಾಗಿತ್ತು. ಬೆಂಕಿ ಕಂಡುಕೊಂಡು ಬೇಯಿಸಿ ತಿನ್ನುವುದನ್ನು ಕಲಿತ ಮೇಲೆ ಜಗಿಯುವ ಕೆಲಸ ಕಡಿಮೆಯಾಯಿತು. ಸಾವಿರಾರು ತಲೆಮಾರು ಕಳೆಯುವಾಗ ದವಡೆ ಗಿಡ್ಡವಾಯಿತು. ಆದರೆ ಹಲ್ಲಿನ ಲೆಕ್ಕ 32 ಹಾಗೇ ಉಳಿಯಿತು. ಐದು ಜನ ಕೂರುವ ಬೆಂಚಿನಲ್ಲಿ ಆರನೆಯವನು ಕೊನೆಗೆ ಬಂದರೆ ಏನಾಗುತ್ತದೆ? ಓರೆಯಾಗಿ ಕೂರುತ್ತಾನೆ, ಇಲ್ಲವೇ ಪಕ್ಕದವನನ್ನು ನೂಕುತ್ತಾನೆ. ಬುದ್ಧಿ ಹಲ್ಲೂ ಹಾಗೇ. ಜಾಗ ಇದ್ದರೆ ನೆಟ್ಟಗೆ ಬರುತ್ತದೆ, ಯಾವ ತೊಂದರೆಯೂ ಇಲ್ಲ. ಜಾಗ ಇಲ್ಲದಿದ್ದರೆ ಓರೆಯಾಗಿ ಬರುತ್ತದೆ, ಅಡ್ಡ ಮಲಗುತ್ತದೆ, ಅಥವಾ ಅರ್ಧ ಬಂದು ನಿಂತುಬಿಡುತ್ತದೆ. ಅರ್ಧ ಬಂದ ಹಲ್ಲಿನ ಮೇಲೆ ವಸಡಿನ ಚರ್ಮ ಮುಚ್ಚಳದ ಹಾಗೆ ಇರುತ್ತದೆ. ಅದರ ಕೆಳಗೆ ಅನ್ನದ ಅಗುಳು ಸಿಕ್ಕಿಕೊಂಡು ಕೊಳೆಯುತ್ತದೆ. ಬ್ರಷ್ಷೂ ಅಲ್ಲಿಗೆ ಹೋಗುವುದಿಲ್ಲ. ಸೂಕ್ಷ್ಮಜೀವಿಗಳು ಬೆಳೆದು ಕೀವು ಆಗುತ್ತದೆ.

ನಮ್ಮ ಅಣ್ಣನಿಗೆ ಆದದ್ದು

ನಮ್ಮ ಅಣ್ಣನಿಗೆ 21 ವರ್ಷ. ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಾನೆ. ಒಂದು ವರ್ಷದಲ್ಲಿ ಮೂರು ಸಲ ಅವನಿಗೆ ಎಡಗಡೆ ಕೆಳಗಿನ ದವಡೆ ಕೊನೆಯಲ್ಲಿ ನೋವು ಬಂದಿತ್ತು. ಮೂರು ಸಲವೂ ಅಂಗಡಿಯಿಂದ ಮಾತ್ರೆ ತಂದು ನುಂಗಿದ, ಕಡಿಮೆಯಾಯಿತು. ನಾಲ್ಕನೇ ಸಲ ಒಂದು ಸೋಮವಾರ ಬೆಳಿಗ್ಗೆ ಎದ್ದಾಗ ಕೆನ್ನೆ ನಿಂಬೆಹಣ್ಣಿನಷ್ಟು ಊದಿತ್ತು. ಮಾರನೇ ದಿನಕ್ಕೆ ಬಾಯಿ ಒಂದು ಬೆರಳು ತೂರುವಷ್ಟು ಮಾತ್ರ ತೆಗೆಯುತ್ತಿತ್ತು. ಊಟ ಇಲ್ಲ, ಜ್ವರ ಬೇರೆ.

ಬೀದಿಯವರೆಲ್ಲ ಬಂದು ಒಂದೊಂದು ಔಷಧಿ ಹೇಳಿದರು. ಲವಂಗ ಇಡಿ ಅಂದರು ಒಬ್ಬರು. ಹೊಗೆಸೊಪ್ಪು ಒತ್ತರಿಸಿಕೋ ಅಂದರು ಇನ್ನೊಬ್ಬರು. ಆಸ್ಪತ್ರೆಗೆ ಹೋಗೋಣ ಅಂದಾಗ ನಮ್ಮಜ್ಜಿ ಅಡ್ಡ ಬಂದರು. "ದವಡೆ ಹಲ್ಲು ಕೀಳಿಸಿದ್ರೆ ಕಣ್ಣು ಮಂಜಾಗ್ತವೆ ಕಣಪ್ಪ, ಕಾಯಿ ಸುಲಿಯೋ ಹುಡುಗ, ಕಣ್ಣು ಹೋದ್ರೆ ಗತಿ ಏನು?" ಅಂದರು. ಅಜ್ಜಿಯ ಕಣ್ಣಲ್ಲಿ ನೀರು ಬಂದಿತ್ತು. ಅಪ್ಪ ಒಂದು ದಿನ ಸುಮ್ಮನಿದ್ದರು. ಬುಧವಾರ ಊತ ಗಲ್ಲದ ಕೆಳಗೂ ಇಳಿಯಿತು. ನೀರು ನುಂಗೋಕೂ ಅಣ್ಣ ಕಷ್ಟಪಟ್ಟ. ಆಗ ಅಪ್ಪ "ಇರವ್ವ, ತೋರಿಸ್ಕೊಂಡಾದ್ರೂ ಬತ್ತೀವಿ" ಎಂದು ಹೊರಟರು. ಅಪ್ಪನಿಗೆ ಓದಲು ಬರುವುದಿಲ್ಲ, ಅಣ್ಣನಿಗೆ ಮಾತಾಡಲು ಆಗುತ್ತಿರಲಿಲ್ಲ. ಚೀಟಿ ಓದುವುದಕ್ಕೆ ನನ್ನನ್ನು ಕರೆದುಕೊಂಡು ಹೋದರು.

ಆಸ್ಪತ್ರೆಯಲ್ಲಿ ಕಂಡದ್ದು

ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಒಬ್ಬರು ಮೇಡಂ. ಅವರು ಮೊದಲು ಕೇಳಿದ್ದು "ಉಸಿರಾಡೋಕೆ ಕಷ್ಟ ಇದೆಯಾ? ನಾಲಿಗೆ ಕೆಳಗೆ ಊದಿದೆಯಾ?" ಎಂದು. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯವಂತೆ. ಇದು ಕೇಳಿ ನನಗೆ ಎದೆ ಝಲ್ಲೆಂದಿತು. ಪುಣ್ಯಕ್ಕೆ ಅಷ್ಟು ಆಗಿರಲಿಲ್ಲ.

ಅವತ್ತೇ ಹಲ್ಲು ಕೀಳುತ್ತಾರೆ ಎಂದುಕೊಂಡಿದ್ದೆವು, ಕೀಳಲಿಲ್ಲ. ಕಾರಣ ಕೇಳಿದೆ. ಕೀವು ತುಂಬಿದ ಜಾಗದಲ್ಲಿ ಆಮ್ಲದ ಗುಣ ಹೆಚ್ಚಿರುತ್ತದೆ, ಅಲ್ಲಿ ಜೋಮು ಹಿಡಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲದೆ ಬಾಯಿಯೂ ತೆರೆಯಬೇಕಲ್ಲ ಅಂದರು. 5 ದಿನಕ್ಕೆ ಮಾತ್ರೆ ಕೊಟ್ಟರು. ನೋವು ನಿಂತಿತು ಎಂದು ಮಧ್ಯೆ ಬಿಡಬಾರದು, ಐದೂ ದಿನ ನುಂಗಬೇಕು ಎಂದು ಎರಡು ಸಲ ಹೇಳಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ನುಂಗಿಸಿದೆ.

ಮುಂದಿನ ಮಂಗಳವಾರ ಜಿಲ್ಲೆಯ ದಂತ ಕಾಲೇಜಿಗೆ ಹೋದೆವು. ಅಲ್ಲಿ ಒಂದು ಯಂತ್ರ ಅಣ್ಣನ ತಲೆಯ ಸುತ್ತ ಅರೆ ನಿಮಿಷದೊಳಗೆ ಸುತ್ತಿ ಬಂದಿತು. ಅಷ್ಟರಲ್ಲೇ ಎಲ್ಲಾ ಹಲ್ಲಿನ ಎಕ್ಸ್‌ರೇ ಬಂತು. ಎಕ್ಸ್‌ರೇಯನ್ನು ಜರ್ಮನಿಯ ರಾಂಟ್ಜನ್ 1895ರಲ್ಲಿ ಕಂಡುಹಿಡಿದರು. ಮುಂದಿನ ವರ್ಷವೇ ಅದೇ ದೇಶದ ವಾಲ್ಕಾಫ್ ಎಂಬ ದಂತ ವೈದ್ಯರು ತಮ್ಮ ಹಲ್ಲಿನ ಎಕ್ಸ್‌ರೇ ತೆಗೆಸಿಕೊಂಡರು. ಅದಕ್ಕೆ 25 ನಿಮಿಷ ಅಲ್ಲಾಡದೆ ಇರಬೇಕಾಯಿತಂತೆ!

ಫಿಲ್ಮಿನಲ್ಲಿ ಅಣ್ಣನ ಹಲ್ಲು ಮಲಗಿದ ಎಮ್ಮೆಯ ಹಾಗೆ ಮುಂದಿನ ಹಲ್ಲಿಗೆ ತಲೆ ಕೊಟ್ಟು ಬಿದ್ದಿತ್ತು. ಅದರ ಬೇರಿನ ಕೆಳಗೆ ಒಂದು ಕಪ್ಪು ಗೆರೆ. ಅದು ಕೆಳದವಡೆಯ ನರ ಹೋಗುವ ಕಾಲುವೆ. ಆ ನರಕ್ಕೆ ಪೆಟ್ಟಾದರೆ ತುಟಿಗೆ ಸ್ಪರ್ಶ ತಿಳಿಯದ ಹಾಗೆ ಆಗಬಹುದು, ಹುಷಾರಾಗಿ ತೆಗೆಯುತ್ತೇವೆ ಎಂದು ಹೇಳಿ, ಕಾಗದಕ್ಕೆ ಅಣ್ಣನ ಸಹಿ ಹಾಕಿಸಿಕೊಂಡರು. ಆ ಕಾಗದವನ್ನು ನಾನೇ ಅಪ್ಪನಿಗೆ ಓದಿ ಹೇಳಿದ್ದು. ಓದುವಾಗ ನನ್ನ ಗಂಟಲು ಒಣಗಿತ್ತು.

ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಿಗೆ ಅಣ್ಣನ ಅರ್ಧ ತುಟಿ ಜೋಮು ಹಿಡಿಯಿತು. ಈ ಔಷಧಿಯ ಹೆಸರು ಲಿಗ್ನೊಕೇನ್. ಸ್ವೀಡನ್ನಿನ ಲೋಫ್‌ಗ್ರೆನ್ ಎಂಬ ವಿಜ್ಞಾನಿ 1943ರಲ್ಲಿ ಮೊದಲು ತಯಾರಿಸಿದರು. ಇಂಥ ಔಷಧಿಗಳು ಇಲ್ಲದ ಕಾಲದಲ್ಲಿ ಜನರನ್ನು ಹಿಡಿದುಕೊಂಡು ಹಲ್ಲು ಕೀಳುತ್ತಿದ್ದರು. 1846ರಲ್ಲಿ ಅಮೆರಿಕದ ಬೋಸ್ಟನ್ ಊರಿನಲ್ಲಿ ಈಥರ್ ಆವಿ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಎಲ್ಲರ ಮುಂದೆ ತೋರಿಸಿದ ಮಾರ್ಟನ್ ಕೂಡ ಒಬ್ಬ ಹಲ್ಲಿನ ವೈದ್ಯರೇ. ಹಲ್ಲುನೋವು ಲೋಕಕ್ಕೆ ಎಷ್ಟು ಉಪಕಾರ ಮಾಡಿದೆ ನೋಡಿ!

ನಮ್ಮನ್ನು ಹೊರಗೆ ಕೂರಿಸಿದರು. ಒಂದು ಗಂಟೆಯ ಹತ್ತಿರ ಆಯಿತು. ಅಪ್ಪ ಎದ್ದು ಎದ್ದು ಬಾಗಿಲ ಹತ್ತಿರ ಹೋಗಿ ಬರುತ್ತಿದ್ದರು. ಹಲ್ಲನ್ನು ಎರಡು ತುಂಡು ಮಾಡಿ ತೆಗೆದರಂತೆ. ಅಣ್ಣ ಹೊರಗೆ ಬಂದು ಕೈಸನ್ನೆಯಲ್ಲಿ "ನೋವಾಗಲಿಲ್ಲ, ಬರೀ ಒತ್ತಿದ ಹಾಗಿತ್ತು" ಎಂದು ತೋರಿಸಿದ.

ಕಣ್ಣು ಹೋಗುತ್ತದೆಯೇ?

ಅಜ್ಜಿಯ ಪ್ರಶ್ನೆಯನ್ನು ನಾನು ಡಾಕ್ಟರನ್ನು ಕೇಳಿದೆ. ಅವರು ನಗಲಿಲ್ಲ, ಬಿಡಿಸಿ ಹೇಳಿದರು. ಮಿದುಳಿನಿಂದ 12 ಜೊತೆ ನರಗಳು ಹೊರಡುತ್ತವೆ. ನೋಡುವ ಕೆಲಸ ಎರಡನೇ ನರದ್ದು. ಹಲ್ಲಿನ ನೋವು ತಿಳಿಸುವ ಕೆಲಸ ಐದನೇ ನರದ್ದು. ಎರಡಕ್ಕೂ ಬೇರೆ ಬೇರೆ ದಾರಿ. ಐದನೇ ನರದ ಇನ್ನೊಂದು ಕವಲು ಕಣ್ಣಿನ ಸುತ್ತಮುತ್ತ ಹೋಗುವುದರಿಂದ ಕೆಲವರಿಗೆ ಹಲ್ಲುನೋವು ಕಣ್ಣಿನ ತನಕ ಎಳೆದ ಹಾಗೆ ಆಗುತ್ತದೆ, ಆದರೆ ನೋಟಕ್ಕೆ ಏನೂ ಆಗುವುದಿಲ್ಲ. ಮತ್ತೆ ಜನ ಯಾಕೆ ಹಾಗೆ ಹೇಳುತ್ತಾರೆ? ಹಲ್ಲು ಬೀಳುವ ವಯಸ್ಸಿಗೇ ಕಣ್ಣಿಗೆ ಪೊರೆಯೂ ಬರುತ್ತದೆ. ಎರಡೂ ಒಂದೇ ಕಾಲಕ್ಕೆ ಬಂದದ್ದರಿಂದ ಒಂದರಿಂದ ಇನ್ನೊಂದು ಆಯಿತು ಎಂದುಕೊಂಡರು.

ಮನೆಗೆ ಬಂದು ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ನಂಬಲಿಲ್ಲ. ಮರುದಿನ ಅಣ್ಣನ ಕೈಗೆ ಸೂಜಿ ಕೊಟ್ಟು ದಾರ ಪೋಣಿಸಲು ಹೇಳಿದರು. ಅವನು ಒಂದೇ ಸಲಕ್ಕೆ ಪೋಣಿಸಿದ. ಆಮೇಲೆ ನಂಬಿದರು.

ಕಿತ್ತ ಮೇಲೆ ಪಾಲಿಸಿದ ನಿಯಮಗಳು

1. ಗುಣಿಯ ಮೇಲಿಟ್ಟ ಬಟ್ಟೆಯನ್ನು ಸುಮಾರು ಒಂದು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು.
2. ಮೊದಲ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಕೊಳವೆಯಲ್ಲಿ ಹೀರಬಾರದು. ಗುಣಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳವಾಗುತ್ತದೆ. ಅದು ಕಿತ್ತು ಬಂದರೆ ಒಳಗಿನ ಮೂಳೆ ಬರಿದಾಗಿ ಎರಡು ಮೂರು ದಿನಕ್ಕೆ ವಿಪರೀತ ನೋವು ಶುರುವಾಗುತ್ತದೆ.
3. ಮೊದಲ ದಿನ ಕೆನ್ನೆಯ ಮೇಲೆ ಹೊರಗಡೆಯಿಂದ ಐಸ್ ಇಡಬೇಕು. ಎರಡನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಮೆಲ್ಲಗೆ ಮುಕ್ಕಳಿಸಬೇಕು.
4. ಬೀಡಿ, ಹೊಗೆಸೊಪ್ಪು ಮುಟ್ಟಬಾರದು.
5. ಮೆತ್ತಗಿನ ಊಟ ಮಾಡಬೇಕು. ನಮ್ಮ ಕಡೆಯವರಿಗೆ ಇದು ಸುಲಭ. ಮುದ್ದೆಯನ್ನು ಜಗಿಯುವ ಹಾಗೇ ಇಲ್ಲವಲ್ಲ! ಆದರೆ ಬಿಸಿ ಆರಿದ ಮೇಲೆ ನುಂಗಬೇಕು.

7 ದಿನಕ್ಕೆ ಹೊಲಿಗೆ ಬಿಚ್ಚಿದರು. ತುಟಿಗೆ ಏನೂ ಆಗಲಿಲ್ಲ. ಆದರೆ ಹತ್ತು ಹನ್ನೆರಡು ದಿನದ ಕೂಲಿ ಹೋಯಿತು. ಮೊದಲ ಸಲ ನೋವು ಬಂದಾಗಲೇ ತೋರಿಸಿದ್ದರೆ ಊತ, ಜ್ವರ ಇಲ್ಲದೆ ಮುಗಿಯುತ್ತಿತ್ತು ಅಂದರು ಡಾಕ್ಟರು. ಎಲ್ಲರೂ ಬುದ್ಧಿ ಹಲ್ಲು ಕೀಳಿಸಲೇಬೇಕು ಎಂದೇನೂ ಇಲ್ಲ. ನೆಟ್ಟಗಿದ್ದು, ಬ್ರಷ್ ತಾಗುವ ಹಾಗಿದ್ದರೆ ಅದು ಇರಲಿ, ಅದೂ ಹಲ್ಲೇ ಎಂದೂ ಹೇಳಿದರು.

ನನ್ನ ಬಾಯಿ ನೋಡಿದಾಗ

ಹೊಲಿಗೆ ಬಿಚ್ಚುವ ದಿನ ಡಾಕ್ಟರು "ಎಲ್ಲಿ, ನೀನೂ ಕೂತ್ಕೋ ನೋಡೋಣ" ಅಂದರು. ಕುರ್ಚಿ ತಾನಾಗಿ ಹಿಂದಕ್ಕೆ ವಾಲಿತು. ನನ್ನ ಬಾಯಲ್ಲಿ 28 ಹಲ್ಲು ಇದ್ದವು. ಕೆಳಗಿನ ಒಂದು ಹಿಂದವಡೆ ಹಲ್ಲಿನ ಗುಳಿಯಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಇತ್ತು. ಅದು 6 ವರ್ಷಕ್ಕೆ ಬಂದ ಹಲ್ಲು. ಹುಳುಕು ಇನ್ನೂ ಮೇಲಿನ ಎನಾಮೆಲ್ ದಾಟಿ ಹೆಚ್ಚು ಒಳಗೆ ಹೋಗಿಲ್ಲ ಎಂದು ಇಂಜೆಕ್ಷನ್ ಇಲ್ಲದೆಯೇ ಕೊರೆದು ಸಿಮೆಂಟಿನಂಥದ್ದು ತುಂಬಿದರು. ಗುಯ್ ಎಂಬ ಸದ್ದು, ಮುಖಕ್ಕೆ ಸಿಡಿಯುವ ನೀರು, ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದೆ. ಆದರೆ ನೋವು ಇರಲಿಲ್ಲ. ಹತ್ತೇ ನಿಮಿಷ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. 6 ವರ್ಷಕ್ಕೆ ಬರುವ ಹಿಂದವಡೆ ಹಲ್ಲು ಯಾವ ಹಾಲು ಹಲ್ಲೂ ಬೀಳದೆ ಅದರ ಹಿಂದೆ ಸದ್ದಿಲ್ಲದೆ ಬರುತ್ತದೆ. ಹಾಗಾಗಿ ಮನೆಯವರು ಅದನ್ನೂ ಹಾಲು ಹಲ್ಲು ಎಂದುಕೊಂಡು, ಹುಳುಕಾದರೂ "ಬಿದ್ದು ಹೋಗಿ ಹೊಸದು ಬತ್ತದೆ ಬಿಡು" ಅನ್ನುತ್ತಾರೆ. ಅದು ಬೀಳುವುದಿಲ್ಲ, ಹೋದರೆ ಮತ್ತೆ ಬರುವುದೂ ಇಲ್ಲ. ನಿಮ್ಮ ತಮ್ಮ ತಂಗಿಯರು ಒಂದನೇ, ಎರಡನೇ ತರಗತಿಯಲ್ಲಿದ್ದರೆ ಇವತ್ತೇ ಬಾಯಿ ತೆಗೆಸಿ ನೋಡಿ.

"ನನ್ನ ಬುದ್ಧಿ ಹಲ್ಲು ಎಲ್ಲಿದೆ ಡಾಕ್ಟ್ರೇ?" ಎಂದು ಕೇಳಿದೆ. "ನಿನ್ನ ವಯಸ್ಸಿನ ಮಕ್ಕಳಿಗೆ ದವಡೆ ಮೂಳೆಯೊಳಗೆ ಅದರ ತಲೆ ಈಗ ತಯಾರಾಗ್ತಾ ಇರತ್ತೆ. ಬೇರು ಆಮೇಲೆ ಬೆಳೆಯತ್ತೆ" ಅಂದರು. ನಾವು ಪಾಠ ಕೇಳುತ್ತಾ ಕೂತಿರುವಾಗ ದವಡೆಯೊಳಗೆ ಅದರ ಕೆಲಸ ಅದು ಮಾಡುತ್ತಿದೆ ಎಂದರೆ ಆಶ್ಚರ್ಯ ಅಲ್ಲವೇ?

ನಾವು ಮಾಡಬೇಕಾದದ್ದು

ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಹಲ್ಲುಜ್ಜಬೇಕು. ರಾತ್ರಿ ಮುಖ್ಯ, ಯಾಕೆಂದರೆ ನಿದ್ದೆಯಲ್ಲಿ ಹಲ್ಲು ತೊಳೆಯುವ ಜೊಲ್ಲು ಕಡಿಮೆ ಬರುತ್ತದೆ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಗಸಗಸ ಉಜ್ಜಿದರೆ ಎನಾಮೆಲ್ ಸವೆಯುತ್ತದೆ. ಎನಾಮೆಲ್ ನಮ್ಮ ದೇಹದಲ್ಲೇ ಗಟ್ಟಿ ವಸ್ತು, ಆದರೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಗಿದೆ. ಆ ತಂಡದವರು ಶಾಲೆಗೆ ಬಂದಾಗ ಹಲ್ಲನ್ನೂ ನೋಡುತ್ತಾರೆ. ಅವತ್ತು ಹೆದರಿ ಮನೆಯಲ್ಲಿ ಉಳಿಯಬೇಡಿ. ಮನೆಯಲ್ಲಿ ಯಾರಿಗಾದರೂ ಕೆನ್ನೆ ಊದಿ, ಬಾಯಿ ತೆರೆಯಲು, ನುಂಗಲು ಆಗದಿದ್ದರೆ ಮಾತ್ರೆ ನುಂಗಿ ಕಾಯದೆ ಆಸ್ಪತ್ರೆಗೆ ಹೋಗಲು ಹೇಳಿ. ಚೀಟಿ ಓದಲು ನೀವೂ ಜೊತೆಗೆ ಹೋಗಿ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ನಮ್ಮ ಬಾಳಿನಲ್ಲಿ ನಿಜವಾಗದಿರಲಿ.

ಓದಿದವರಿಗೆ ಪ್ರಶ್ನೆಗಳು
1. ನಿಮ್ಮ ಬಾಯಲ್ಲಿ ಈಗ ಎಷ್ಟು ಹಲ್ಲಿವೆ? ಎಣಿಸಿ ಬರೆಯಿರಿ.
2. ಯಾವ ವಯಸ್ಸಿನ ಹಲ್ಲನ್ನು ಹಾಲು ಹಲ್ಲು ಎಂದು ತಪ್ಪು ತಿಳಿಯುತ್ತಾರೆ?
3. ಹಲ್ಲು ಕಿತ್ತರೆ ಕಣ್ಣು ಹೋಗುವುದಿಲ್ಲ ಏಕೆ? ನಿಮ್ಮ ಅಜ್ಜ ಅಜ್ಜಿಗೆ ತಿಳಿಯುವ ಹಾಗೆ ವಿವರಿಸಿ.


7ನೇ ತರಗತಿ ವಿದ್ಯಾರ್ಥಿನಿ