ಎರಡು ಸೆಂಟಿಮೀಟರ್ ಒಳಗಿದ್ದರೆ ರೊಕ್ಕ ಇಲ್ಲ

ಕಾಗವಾಡದ ಕಡೆ ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ವಾರವೇ ವಿಮಾ ಏಜೆಂಟರು ಮನೆ ಮೆಟ್ಟಿಲು ಹತ್ತುತ್ತಾರೆ. ಈ ಅಂಕಣ ಬರೆಯುವಾಕೆ 2017ರಲ್ಲಿ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಗೆ ಸಹಿ ಹಾಕಿದ್ದೂ ಅಂಥದೇ ವಾರದಲ್ಲಿ. "ಕ್ಯಾನ್ಸರ್ ಅಂತ ರಿಪೋರ್ಟ್ ಬಂದ್ರ ಸಾಕ್ರಿ ವೈನಿ, ಐದು ಲಕ್ಷ ನಿಮ್ಮ ಖಾತೆಗೆ" ಎಂದಿದ್ದ ಏಜೆಂಟ. ವರ್ಷಕ್ಕೆ 6,000 ರೂಪಾಯಿಯಂತೆ ಎಂಟು ವರ್ಷ ಕಟ್ಟಿದ್ದಾಯಿತು. ಆಮೇಲೆ ಕೊರಳಲ್ಲಿ ಗಂಟು ಕಂಡಿತು, ಥೈರಾಯ್ಡ್ ಗ್ರಂಥಿ ತೆಗೆದರು. ಬಯಾಪ್ಸಿ ವರದಿ: ಪ್ಯಾಪಿಲರಿ ಕಾರ್ಸಿನೋಮಾ, 1.6 ಸೆಂ.ಮೀ. ಕ್ಲೇಮು ತಿರಸ್ಕೃತ.

ಕಂಪನಿ ನಿಯಮ ಮೀರಿರಲಿಲ್ಲ. ಸಿಟ್ಟು ಬರುವುದೇ ಅದಕ್ಕೆ. ವಿಮಾ ನಿಯಂತ್ರಣ ಪ್ರಾಧಿಕಾರದ 2016ರ ವ್ಯಾಖ್ಯೆಯೇ ಟಿ1ಎನ್0ಎಂ0 ಹಂತದ ಥೈರಾಯ್ಡ್ ಕ್ಯಾನ್ಸರನ್ನು ಹೊರಗಿಟ್ಟಿದೆ. ಗಂಟು ಎರಡು ಸೆಂಟಿಮೀಟರ್ ಮೀರದೆ, ಗ್ರಂಥಿಯೊಳಗೇ ಇದ್ದು, ಬೇರೆಲ್ಲೂ ಹರಡದಿದ್ದರೆ ಅದು ಕ್ಯಾನ್ಸರೇ ಹೌದು, ಪಾಲಿಸಿಗೆ ಮಾತ್ರ ಅಲ್ಲ. ಬೇಗ ಪತ್ತೆ ಹಚ್ಚಿದವರಿಗೆ ಬಿಡಿಗಾಸೂ ಕೊಡದ ಸರಕನ್ನು 'ಕ್ಯಾನ್ಸರ್ ಕವಚ' ಎಂದು ಮಾರುವುದಾದರೂ ಹೇಗೆ!

ಆಪರೇಷನ್ನಿನ ಬಿಲ್ಲನ್ನು ಮೆಡಿಕ್ಲೇಮ್ ಕೊಟ್ಟಿತು. ಅಲ್ಲಿಗೆ ಅದರ ಕೆಲಸವೂ ಮುಗಿಯಿತು. ಡಿಸ್ಚಾರ್ಜ್ ಆದ 60 ದಿನಗಳವರೆಗಷ್ಟೇ ಅದರ ಹೊಣೆ. ಕುತ್ತಿಗೆಯ ಮೊದಲ ಅಲ್ಟ್ರಾಸೌಂಡ್ ಬರುವುದೋ ಆರರಿಂದ ಹನ್ನೆರಡು ತಿಂಗಳ ನಡುವೆ. ಮುಂದೆ ಎಷ್ಟು ಸಲ ಎಂಬುದು ರೋಗದ ಅಪಾಯ ಮತ್ತು ರಕ್ತದಲ್ಲಿನ ಥೈರೋಗ್ಲೋಬ್ಯುಲಿನ್ ನೋಡಿ ತೀರ್ಮಾನವಾಗುತ್ತದೆ. ಎಲ್ಲವೂ ಜೇಬಿನಿಂದಲೇ.

ಎಷ್ಟು? ಗಡಿಯಾಚೆಯ ಮಿರಜ, 1894ರ ವಾನ್ಲೆಸ್ ಆಸ್ಪತ್ರೆಯ ಕಾಲದಿಂದಲೂ ಈ ಸೀಮೆಯವರ ದವಾಖಾನೆ. ಅಲ್ಲಿ ಅಂಕಣಕಾರ್ತಿಗೆ ಸ್ಕ್ಯಾನಿಗೆ 1,500, ಥೈರೋಗ್ಲೋಬ್ಯುಲಿನ್ ಮತ್ತು ಅದರ ಆ್ಯಂಟಿಬಾಡಿ ಪರೀಕ್ಷೆಗೆ 2,000, ಡಾಕ್ಟರ ಫೀ, ಬಸ್ಸು, ಚಹಾ ಸೇರಿ 500: ಒಟ್ಟು 4,000. ಈಗ ಆ ಪ್ರೀಮಿಯಮ್ಮನ್ನು ತಿಂಗಳಿಗೆ 500ರಂತೆ ಶೇ. 6.5ರ ಆರ್‌ಡಿಯಲ್ಲಿ ಇಟ್ಟಿದ್ದರೆ ಎಂದು ಲೆಕ್ಕ ಹಾಕಿ. ಎಂಟು ವರ್ಷಕ್ಕೆ ಕಟ್ಟಿದ್ದು 48,000; ಕೈಗೆ ಬರುವುದು 63,000ದ ಹತ್ತಿರ. ಅದನ್ನು ಅದೇ ದರಕ್ಕೆ ಎಫ್‌ಡಿ ಮಾಡಿದರೆ ವರ್ಷದ ಬಡ್ಡಿ 4,000 ಚಿಲ್ಲರೆ. ಅಸಲು ಮುಟ್ಟದೆ ವರ್ಷಕ್ಕೊಂದು ತಪಾಸಣೆ ನಡೆಯುತ್ತಿತ್ತು, ಕುತ್ತಿಗೆ ಇರುವವರೆಗೂ.

ಇನ್ನು ಮನೆಯಲ್ಲಿ ಕೂತು ಸಲಹೆ ಕೊಡುವವರ ಬಾಬ್ತು. "ಇಡೀ ಮೈ ಪೆಟ್-ಸಿಟಿ ಮಾಡಿಸಿಬಿಡ್ರಿ, ಚಿಂತಿ ಹೋಗ್ತದ" ಅಂದರು ಒಬ್ಬರು. ಹತ್ತು ಸಾವಿರ ದಾಟುವ ಆ ಪರೀಕ್ಷೆ ಬೇಕಾಗುವುದು ಥೈರೋಗ್ಲೋಬ್ಯುಲಿನ್ ಏರುತ್ತಿದ್ದು, ಬೇರೆ ಸ್ಕ್ಯಾನಿನಲ್ಲಿ ಏನೂ ಸಿಗದಾಗ. ಚಿಂತೆಗೆ ಅದು ಮದ್ದಲ್ಲ. ಹಣ ಉಳಿಸುವುದು ಹಳೆಯ ವರದಿ. ಪ್ರತಿ ಸಲವೂ ಒಂದೇ ಸೆಂಟರು, ಸಾಧ್ಯವಾದರೆ ಅದೇ ರೇಡಿಯಾಲಜಿಸ್ಟ್, ಕೈಯಲ್ಲಿ ಹಿಂದಿನ ಫಿಲ್ಮು. ನಮ್ಮ ಮಂದಿ ಸೊಸೈಟಿ ಪಾಸ್‌ಬುಕ್ಕನ್ನು ತಿಜೋರಿಯಲ್ಲಿಟ್ಟು ಸ್ಕ್ಯಾನ್ ರಿಪೋರ್ಟನ್ನು ಕಪಾಟಿನ ಹಾಳೆಗಳಡಿ ತುರುಕುತ್ತಾರೆ. ಹೋಲಿಸಲು ಏನೂ ಇಲ್ಲದಾಗ ಡಾಕ್ಟರು ಹೊಸ ಪರೀಕ್ಷೆ ಬರೆಯದೆ ಇನ್ನೇನು ಮಾಡಿಯಾರು? ಈ ಬಾರಿ ಅಂಕಣಕಾರ್ತಿಯ ಕೊರಳ ಬಲಗಡೆ 6 ಮಿ.ಮೀ. ಗಂಟೊಂದು ಕಂಡಿತು. ಹಳೆಯ ಫಿಲ್ಮಿನಲ್ಲೂ ಅದು ಅಷ್ಟೇ ಇತ್ತು. ಎಂಟು-ಹತ್ತು ಮಿ.ಮೀ.ಗಿಂತ ಸಣ್ಣದಕ್ಕೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ, ನೋಡುತ್ತ ಇರುತ್ತಾರೆ. ಮುಂದಿನ ಸ್ಕ್ಯಾನು ಬರುವ ವರ್ಷ.