ಡಿಸ್ಚಾರ್ಜ್ ಚೀಟಿಯಲ್ಲಿ ಅಪಘಾತದ ಸುದ್ದಿಯೇ ಇಲ್ಲದಿದ್ದರೆ

ನೆಲಮಂಗಲ, ದೇವನಹಳ್ಳಿಯ ಹೆದ್ದಾರಿಗಳಲ್ಲಿ ಬೈಕಿನಿಂದ ಬಿದ್ದು ಕುತ್ತಿಗೆಗೆ ಪೆಟ್ಟು ಮಾಡಿಕೊಂಡವರಲ್ಲಿ ಕೆಲವರು ನಡೆಯಬಲ್ಲರು, ಆದರೆ ಎರಡೂ ಕೈ ಏಳುವುದಿಲ್ಲ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ನಡುಭಾಗಕ್ಕೆ ಏಟು ಬಿದ್ದರೆ ಹೀಗಾಗುತ್ತದೆ. ಎರಡೂ ತೋಳುಗಳ ಲಕ್ವಕ್ಕೆ ರೋಗಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿ ಐಸಿಡಿ-10ರಲ್ಲಿ ಜಿ83.0 ಎಂಬ ಸಂಕೇತವಿದೆ. ಒಂದೇ ತೋಳಿನದಾದರೆ ಜಿ83.2.

ಬಡವರ ಪರಿಹಾರ ಕೈತಪ್ಪುವುದು ಇಲ್ಲೇ. ಜಿ83.0 ಕಾರಣ ಹೇಳುವುದಿಲ್ಲ. ಕಾರಣ ಗೊತ್ತಿಲ್ಲದ ಹಳೆಯ ಲಕ್ವಕ್ಕೂ ಅದೇ ಸಂಕೇತ. ಡಿಸ್ಚಾರ್ಜ್ ಚೀಟಿಯಲ್ಲಿ ಅದರ ಜೊತೆಗೆ ಕುತ್ತಿಗೆಯ ಬೆನ್ನುಹುರಿ ಗಾಯದ ಎಸ್14, ಬೈಕ್ ಸವಾರನ ಅಪಘಾತದ ವಿ20ರಿಂದ ವಿ29ರೊಳಗಿನ ಸಂಕೇತ ಇರಬೇಕು. ಸಂಕೇತ ಬರೆಯದ ಆಸ್ಪತ್ರೆಯಾದರೆ ಅದೇ ವಿಷಯ ಮಾತಿನಲ್ಲಾದರೂ ಇರಲಿ. ಇಲ್ಲದಿದ್ದರೆ ವಿಮಾ ಕಂಪನಿಯ ವಕೀಲರು ಕೇಳುವುದು ಒಂದೇ: ಇದು ಮೊದಲೇ ಇದ್ದ ಕಾಯಿಲೆಯಲ್ಲವೇ?

ಇದಕ್ಕಿಂತ ಕೆಟ್ಟದ್ದು, ಪೊಲೀಸರ ತಂಟೆ ಬೇಡವೆಂದು ಕರೆತಂದವರು ‘ಮೆಟ್ಟಿಲಿಂದ ಬಿದ್ದರು’ ಎಂದು ಬರೆಸುವುದು. ಆ ಒಂದು ಸಾಲನ್ನು ಆಮೇಲೆ ಅಳಿಸುವುದು ಬಹಳ ಕಷ್ಟ.

ಆದ್ದರಿಂದ ಆಸ್ಪತ್ರೆ ಬಿಡುವ ಮುನ್ನವೇ ಚೀಟಿ ಓದಿಸಿಕೊಳ್ಳಿ. ತಪ್ಪಿದ್ದರೆ ಚಿಕಿತ್ಸೆ ಕೊಟ್ಟ ವೈದ್ಯರೇ ಸಹಿ, ದಿನಾಂಕ ಹಾಕಿ ತಿದ್ದಬೇಕು. ‘ನಾನು ಸರಿಮಾಡಿಸ್ತೀನಿ’ ಎನ್ನುವ ದಲ್ಲಾಳಿಯನ್ನು ಹತ್ತಿರ ಸೇರಿಸಬೇಡಿ. ಅವನು ತರುವ ನಕಲಿ ಕಾಗದಕ್ಕೆ ಜೈಲು ಕಾಣುವವರು ನೀವು. 2002ರ ವೈದ್ಯಕೀಯ ನಡತೆ ನಿಯಮದಂತೆ, ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೌಂಟರಿನಲ್ಲಿ ‘ನಾಳೆ ಬನ್ನಿ’ ಎಂದು ಓಡಾಡಿಸುವವರಿಗೆ ಈ ನಿಯಮ ಗೊತ್ತಿಲ್ಲವೆಂದಲ್ಲ. ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಪರಿಹಾರದ ಅರ್ಜಿಗೆ 6 ತಿಂಗಳ ಗಡುವಿದೆ. ಗುಣವಾಗಲಿ ನೋಡೋಣ ಎಂದು ಕೂರಬೇಡಿ.

ಅಂಗವೈಕಲ್ಯದ ಶೇಕಡಾವಾರಿನಲ್ಲೂ ಹುಷಾರು. ಪ್ರಮಾಣಪತ್ರ ಒಂದೊಂದು ತೋಳಿನ ಲೆಕ್ಕ ಕೊಟ್ಟು ಸುಮ್ಮನಾದರೆ, ಅದರ ಮೂರನೇ ಒಂದು ಭಾಗವನ್ನಷ್ಟೇ ಇಡೀ ದೇಹದ ಊನವೆಂದು ಹಿಡಿಯುವ ರೂಢಿ ನಮ್ಮ ನ್ಯಾಯಮಂಡಳಿಗಳಲ್ಲಿದೆ. ಎರಡೂ ತೋಳು ಸೇರಿ ಇಡೀ ದೇಹಕ್ಕೆ ಎಷ್ಟು ಎಂದು ಬರೆಸಿ. ದುಡಿಮೆಯ ನಷ್ಟ ಬೇರೆಯೇ ಲೆಕ್ಕ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ 2010ರಲ್ಲಿ ಸುಪ್ರೀಂ ಕೋರ್ಟಿನಿಂದ ಬರೆದ ರಾಜ್‌ಕುಮಾರ್ ಪ್ರಕರಣದ ತೀರ್ಪು ಇದನ್ನು ಬಿಡಿಸಿ ಹೇಳುತ್ತದೆ: ಎಡಗೈ ಹೋದರೆ ಊನ ಸುಮಾರು ಶೇ 60 ಇರಬಹುದು, ಆದರೆ ಚಾಲಕನಿಗೋ ಬಡಗಿಗೋ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ 100. ದೊಡ್ಡಬಳ್ಳಾಪುರದ ಮಗ್ಗದ ಕಾರ್ಮಿಕನಿಗೆ ಎರಡೂ ಕೈ ಬಿದ್ದರೆ ಇದೇ ವಾದ ನಿಲ್ಲುತ್ತದೆ. ಕೂಲಿಯ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೋಪಾನ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಅಂಗವೈಕಲ್ಯಕ್ಕೆ ಪುರಾವೆ, ಅಪಘಾತಕ್ಕಲ್ಲ. ಊನ ಶೇ 40 ಅಥವಾ ಹೆಚ್ಚಿದ್ದರೆ ಮೀಸಲಾತಿಯಂಥ ಸೌಲಭ್ಯಗಳಿಗೆ ಅದು ಬೇಕೇ ಬೇಕು. ಅರ್ಜಿಗೆ ಶುಲ್ಕವಿಲ್ಲ, ಯಾರಾದರೂ ದುಡ್ಡು ಕೇಳಿದರೆ ಅದು ಲಂಚ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.