ಕಣ್ಣಿಗೆ ಬಿಡುವ ಮುಂಚೆ ಬಾಟಲಿ ಓದು, ಮಗಳೇ

ಉಮ್ಮತ್ತೂರು

ಮಗಳೇ,

ಉರುಕಾತೇಶ್ವರಿ ಜಾತ್ರೆಗೆ ಬಂದವಳು ಜಗಲಿ ಮೇಲೆ ಕೂತು, ಸಣ್ಣ ಬಾಟಲಿಯ ಮೂತಿಯನ್ನು ರೆಪ್ಪೆಗೇ ತಾಗಿಸಿ ಕಣ್ಣಿಗೆ ಹಿಂಡಿಕೊಂಡೆ. ಆಮೇಲೆ ಅದನ್ನೇ ನಿಮ್ಮವ್ವನ ಕೈಗೂ ಕೊಟ್ಟೆ. ಕೇಳಿದರೆ, "ಬರೀ ಕಣ್ಣೀರಿನಂಥದ್ದು ದೊಡ್ಡಪ್ಪ, ಮೆಡಿಕಲ್‌ನಲ್ಲಿ ಹಾಗೇ ಕೊಡ್ತಾರೆ" ಅಂದೆ. ನೆಂಟರ ಮುಂದೆ ಬೈಯಬಾರದು ಅಂತ ಸುಮ್ಮನಾದೆ. ಆದರೆ ಹೇಳದೆ ಬಿಡುವ ವಿಷಯವಲ್ಲ ಇದು. ನಿನ್ನ ಹಾಗೆ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಬೇರೆ ಮಕ್ಕಳೂ ಓದಿಕೊಳ್ಳಲಿ.

ಇಷ್ಟು ಹೇಳಲು ಕಾರಣ ನಿನ್ನ ತಾತ. ಅವರನ್ನು ನೀನು ನೋಡಿಲ್ಲ. ರೇಷ್ಮೆ ಬಿಚ್ಚಾಣಿಕೆಯ ಶೆಡ್ಡಿನಲ್ಲೇ ಅವರ ಆಯಸ್ಸು ಕಳೆಯಿತು. ಒಲೆಯ ಮೇಲೆ ಕುದಿಯುವ ನೀರು, ಅದರಲ್ಲಿ ಕುಣಿಯುವ ಗೂಡು, ಬೆಂದ ಹುಳುವಿನ ವಾಸನೆ, ಸೌದೆಯ ಹೊಗೆ. ಹಬೆಯೊಳಗೆ ಮುಖ ಇಟ್ಟು, ಕೂದಲಿಗಿಂತ ಸಣ್ಣ ಎಳೆ ಹುಡುಕಬೇಕು. ಸಂಜೆ ಮನೆಗೆ ಬಂದರೆ ಕಣ್ಣು ಕೆಂಡ. ಮರಳು ಬಿದ್ದಂಗೆ ಚುಚ್ಚುತ್ತದೆ ಅನ್ನುತ್ತಿದ್ದರು. ನಿನ್ನಜ್ಜಿ ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ, ಮುಚ್ಚಿದ ರೆಪ್ಪೆಯ ಮೇಲೆ ಇಡುತ್ತಿದ್ದಳು. ತಂಪು ಅನ್ನಿಸುತ್ತಿತ್ತು, ಅಷ್ಟೆ.

ಆಮೇಲೆ ಯಾರೋ ಒಂದು ಔಷಧಿ ಅಂಗಡಿಯ ಡ್ರಾಪ್ಸ್ ತೋರಿಸಿಕೊಟ್ಟರು. ರಾತ್ರಿ ಬಿಟ್ಟುಕೊಂಡರೆ ಬೆಳಿಗ್ಗೆ ಕಣ್ಣು ಬೆಳ್ಳಗೆ. ಅಪ್ಪನಿಗೆ ಅಮೃತ ಸಿಕ್ಕ ಹಾಗಾಯಿತು. ಖಾಲಿ ಬಾಟಲಿ ತೋರಿಸಿ ಇನ್ನೊಂದು ತರುವುದು, ಅದು ಮುಗಿದರೆ ಮತ್ತೊಂದು. ಚೀಟಿ ಕೇಳಿದವರಿಲ್ಲ. ವರ್ಷಗಳು ಹೀಗೇ ಹೋದವು. ಒಂದು ದಿನ ಬಾಗಿಲ ತೋಳಿಗೆ ಭುಜ ಬಡಿದುಕೊಂಡರು. ಪಕ್ಕದಲ್ಲೇ ನಿಂತ ಕರುವನ್ನು ಕಾಣದೆ ಎಡವಿದರು. ಮೈಸೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿ, "ಇದರಲ್ಲಿ ಸ್ಟೀರಾಯ್ಡ್ ಇದೆ" ಅಂದರು. ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗಿತ್ತು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಕೊನೆಗಾಲದಲ್ಲಿ ಅಪ್ಪ ಗೂಡಿನ ಗುಣವನ್ನು ಬೆರಳಲ್ಲಿ ಒತ್ತಿಯೇ ಹೇಳುತ್ತಿದ್ದರು.

ನಿನ್ನ ಬಾಟಲಿ ಅಂಥದ್ದಲ್ಲ ಅಂತ ಗೊತ್ತು, ಓದಿ ನೋಡಿದ್ದೇನೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಕಣ್ಣು ಒದ್ದೆ ಮಾಡುವುದಷ್ಟೇ ಅದರ ಕೆಲಸ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಅರ್ಧಕ್ಕಿಂತ ಕಡಿಮೆಯಾಗುತ್ತದಂತೆ, ಮೇಲೆ ಏಸಿಯ ಗಾಳಿ. ಕಣ್ಣು ಒಣಗದೆ ಇನ್ನೇನು? ಹಾಕಿಕೋ, ಬೇಡ ಅನ್ನುವುದಿಲ್ಲ. ಆದರೆ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಅಂತ ಹೆಸರು ಕಂಡರೆ ಚೀಟಿಯಿಲ್ಲದೆ ಮುಟ್ಟಬೇಡ. ಕೆಂಪು ಹೋಗಿಸಿ ಬೆಳ್ಳಗೆ ಮಾಡುವ ಡ್ರಾಪ್ಸ್ ಕೂಡ ಒಣಕಣ್ಣಿಗೆ ಮದ್ದಲ್ಲ. ಹಾಕುವುದನ್ನು ನಿಲ್ಲಿಸಿದ ಕೂಡಲೇ ಕೆಂಪು ಇಮ್ಮಡಿಯಾಗಿ ಬರಬಹುದು.

ಇನ್ನು ನಿನ್ನ ಮೂತಿ ತಾಗಿಸುವ ಚಾಳಿ. ಎಂಬಿಎ ಓದಿದವಳಿಗೆ ಇದನ್ನೂ ಹೇಳಿಕೊಡಬೇಕೇ? ಕೈ ತೊಳೆ, ಕೆಳರೆಪ್ಪೆ ಎಳೆ, ತಾಗಿಸದೆ ಒಂದೇ ಹನಿ ಬಿಡು. ಎರಡನೆಯದು ಕೆನ್ನೆಗೇ ಇಳಿಯುವುದು. ಒಂದು ನಿಮಿಷ ಕಣ್ಣು ಮುಚ್ಚಿಕೊಂಡಿರು. ಲೆನ್ಸ್ ಇದ್ದರೆ ಮೊದಲು ತೆಗೆ, ಕಾಲು ಗಂಟೆ ಬಿಟ್ಟು ಹಾಕಿಕೋ. ಬಾಟಲಿ ಒಬ್ಬರಿಗೇ. ತೆರೆದ ತಾರೀಖನ್ನು ಅದರ ಮೇಲೇ ಬರೆ, ತಿಂಗಳಾದರೆ ನೀರು ಉಳಿದಿದ್ದರೂ ಎಸೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದರೆ ಕೆಡದಂತೆ ಬೆರೆಸುವ ರಾಸಾಯನಿಕವೇ ಕಣ್ಣನ್ನು ಕೆರಳಿಸಬಹುದು. ಅದಿಲ್ಲದ್ದನ್ನು ಕೇಳಿ ತಗೋ.

ಬರೀ ನೀರು ತಾನೇ ಅನ್ನಬೇಡ. 2022–23ರಲ್ಲಿ ಅಮೆರಿಕದಲ್ಲಿ 81 ಜನರಿಗೆ ಒಂದು ಹಠಮಾರಿ ಬ್ಯಾಕ್ಟೀರಿಯಾದ ಸೋಂಕು ತಗುಲಿತು. ಹೆಚ್ಚಿನ ಔಷಧಿಗಳಿಗೆ ಬಗ್ಗದ ಜಾತಿ. ನಂಟು ಸಿಕ್ಕಿದ್ದು ಕೃತಕ ಕಣ್ಣೀರಿನ ಬಾಟಲಿಗೆ, ತಯಾರಾದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ. ನಾಲ್ವರು ಸತ್ತರು, 14 ಮಂದಿ ದೃಷ್ಟಿ ಕಳೆದುಕೊಂಡರು.

ಹೆದರಿಸಲು ಬರೆಯುತ್ತಿಲ್ಲ. ಎಷ್ಟು ಸಲ ಹಾಕಿದರೂ ಉರಿ ನಿಲ್ಲದಿದ್ದರೆ, ನೋವಿದ್ದರೆ, ಬೆಳಕು ಸಹಿಸದಿದ್ದರೆ, ರೆಪ್ಪೆ ಬಡಿದರೂ ಮಂಜು ಹೋಗದಿದ್ದರೆ ಬಾಟಲಿ ಬದಲಾಯಿಸುತ್ತಾ ಕೂರಬೇಡ. ಹಾಕುವುದು ಬಿಡುವುದು ನಿನ್ನಿಷ್ಟ ಅಂತ ಬಾಯಲ್ಲಿ ಅನ್ನುತ್ತೇನೆ, ಮನಸ್ಸು ಮಾತ್ರ ಒಮ್ಮೆ ಡಾಕ್ಟರಿಗೆ ತೋರಿಸು ಅನ್ನುತ್ತದೆ. ನೀನಿರುವ ಬೆಂಗಳೂರಲ್ಲಿ 1896ರಿಂದ ಮಿಂಟೋ ಕಣ್ಣಾಸ್ಪತ್ರೆ ಇದೆ. ನಿನ್ನ ತಾತನಿಗೆ ಅದು ದೂರವಿತ್ತು, ನಿನಗೆ ಬಸ್ಸಿನ ದಾರಿ.

ಬೈದೆ ಅಂತ ಬೇಜಾರಾಗಬೇಡ. ತೋರಿಸಿ ಬಾ. "ಇದೇ ಡ್ರಾಪ್ಸ್ ಸಾಕು, ನಿಮ್ಮ ದೊಡ್ಡಪ್ಪನಿಗೆ ಬೇರೆ ಕೆಲಸವಿಲ್ಲ" ಅಂತ ಡಾಕ್ಟರು ಅಂದರೆ ಫೋನ್ ಮಾಡಿ ಬಾಯಿ ತುಂಬ ಬೈಯಿ. ಸಂತೋಷವಾಗಿ ಬೈಸಿಕೊಳ್ಳುತ್ತೇನೆ.

ನಿನ್ನ ದೊಡ್ಡಪ್ಪ